ಕಣ್ಣಿಗಷ್ಟೇ ತೆರೆದ ತೋಟ

ತೋಟವೆಂದರೆ ನೋಡತಕ್ಕ ವಸ್ತುವೆಂದು ನಾವು ಯಾವಾಗ ತೀರ್ಮಾನಿಸಿಕೊಂಡೆವೋ ನಾನರಿಯೆ. ಬೆಂಗಳೂರಿಗೆ ಹೋಗಿ ಬಂದವರನ್ನು ಕೇಳಿ: 'ಲಾಲ್‌ಬಾಗ್ ನೋಡಿ ಬಂದೆವು' ಎನ್ನುತ್ತಾರೆ. 'ಲಾಲ್‌ಬಾಗ್ ಮೂಸಿ ಬಂದೆವು' ಎಂದವರನ್ನು ನಾನು ಕಂಡಿಲ್ಲ. ಹಾಗೆ ಯಾರಾದರೂ ಅಂದರೆ ಕೇಳಿದವರು ನಕ್ಕಾರು. ಕಚೇರಿಗೆ ಹೋದವನು ಸಂಗೀತ ಕೇಳಿ ಬರುತ್ತಾನೆ, ಮದುವೆಗೆ ಹೋದವನು ಉಂಡು ಬರುತ್ತಾನೆ. ಅಲ್ಲೆಲ್ಲ ಆಯಾ ಇಂದ್ರಿಯಕ್ಕೆ ಸಲ್ಲಬೇಕಾದ ಮರ್ಯಾದೆ ಸಲ್ಲುತ್ತದೆ. ತೋಟಕ್ಕೆ ಬಂದಾಗ ಮಾತ್ರ ಕಣ್ಣೊಂದೇ ಯಜಮಾನ. ಉಳಿದ ನಾಲ್ವರು ಹೊರಜಗುಲಿಯಲ್ಲಿ ಕಾದು ಕುಳಿತ ಬಡನೆಂಟರು.

ಈ ಮಾತು ನನಗೆ ಹೊಳೆದದ್ದು ಓದಿನಿಂದಲ್ಲ, ನನ್ನದೇ ಒಂದು ತಪ್ಪಿನಿಂದ. ನಾನಿರುವುದು ಕಾಸರಕೋಡಿನಲ್ಲಿ. ಶರಾವತಿ ಕಡಲನ್ನು ಸೇರುವೆಡೆ ಬಡಗಣ ದಡದಲ್ಲಿ ಹೊನ್ನಾವರ, ತೆಂಕಣ ದಡದಲ್ಲಿ ನಾವು. ಜೀವನೋಪಾಯಕ್ಕೆ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತೇನೆ. ಹಳಗನ್ನಡ ಕಾವ್ಯವನ್ನು ಪಾಠ ಹೇಳುವವನಿಗೆ ಅಷ್ಟಾದಶ ವರ್ಣನೆಗಳಿಂದ ಬಿಡುಗಡೆಯಿಲ್ಲ. ಸಮುದ್ರವರ್ಣನೆ ಬಂದರೆ ನನಗೆ ಆತಂಕವಿಲ್ಲ. ಕಿಟಕಿಯತ್ತ ಕೈ ತೋರಿದರೆ ಆಯಿತು, ಅರ್ಧ ತರಗತಿಯ ಮಕ್ಕಳ ತಂದೆಯರು ಆಗ ಅಲ್ಲೇ ದೋಣಿಯಲ್ಲಿರುತ್ತಾರೆ. ತೊಡಕು ಹುಟ್ಟುವುದು ಉದ್ಯಾನವಿಹಾರಕ್ಕೆ ಬಂದಾಗ. ಬಕುಳ, ಪಾದರಿ, ಸುರಗಿ, ಸುರಹೊನ್ನೆ, ಕುರವಕ, ತಿಲಕ ಎಂದು ಕವಿ ಸಾಲಾಗಿ ಹೆಸರು ಹೇಳುತ್ತ ಹೋಗುತ್ತಾನೆ. ನಾನು ಅದಕ್ಕೆ ಅರ್ಥ ಹೇಳುತ್ತ ಹೋಗುತ್ತೇನೆ: 'ಬಕುಳ ಎಂದರೆ ಒಂದು ಮರ. ತಿಲಕ ಎಂದರೆ ಇನ್ನೊಂದು ಮರ.' ಮಕ್ಕಳು ಬರೆದುಕೊಳ್ಳುತ್ತಾರೆ. ಪರೀಕ್ಷೆಯಲ್ಲಿ ಅದೇ ಉತ್ತರ ಬರುತ್ತದೆ: ಒಂದು ಮರ, ಇನ್ನೊಂದು ಮರ. ಅಂಕ ಕೊಡದೆ ವಿಧಿಯಿಲ್ಲ, ಏಕೆಂದರೆ ಉತ್ತರ ತಪ್ಪಲ್ಲ.

ಹೀಗೆ ಎಷ್ಟೋ ವರುಷ ನಡೆಯಿತು. ಕಡೆಗೊಮ್ಮೆ ಇವರಿಗೊಂದು ನಿಜವಾದ ಉದ್ಯಾನವನ್ನೇ ತೋರಿಸೋಣವೆಂದು ಜನವರಿಯ ಫಲಪುಷ್ಪ ಪ್ರದರ್ಶನದ ಹೊತ್ತಿಗೆ ಮೂವತ್ತು ಮಂದಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಬೆಂಗಳೂರಿಗೆ ಹೊರಟೆ. ಅರಸರು ಮಾಡಿಸಿದ ತೋಟ, ಇನ್ನೂರ ಅರವತ್ತು ವರುಷಗಳ ಇತಿಹಾಸ, ಇನ್ನೂರ ನಲವತ್ತು ಎಕರೆ ವಿಸ್ತಾರ. ಕಾವ್ಯದ ಉದ್ಯಾನಕ್ಕೆ ಇದಕ್ಕಿಂತ ಹತ್ತಿರದ್ದು ನಮ್ಮ ನಾಡಿನಲ್ಲಿ ಮತ್ತೆಲ್ಲಿದೆ ಎಂಬುದು ನನ್ನ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. ಹೋದ ರೀತಿ ಸರಿಯಿರಲಿಲ್ಲ. ರಾತ್ರಿಯಿಡೀ ಪ್ರಯಾಣ ಮಾಡಿ ದಣಿದ ಮಕ್ಕಳನ್ನು ಮಧ್ಯಾಹ್ನದ ಬಿಸಿಲಿನಲ್ಲಿ, ಒಂದು ಕೈಯಲ್ಲಿ ಹೆಸರುಪಟ್ಟಿ, ಇನ್ನೊಂದು ಕೈಯಲ್ಲಿ ಗಡಿಯಾರ ಹಿಡಿದು ನಾನೇ ಓಡಿಸಿದೆ. ಗಾಜಿನ ಮನೆಯೊಳಗೆ ಜನವೋ ಜನ. ಹೂವಿನಲ್ಲಿ ಕಟ್ಟಿದ ಗೋಪುರವೊಂದು ನಡುವೆ ನಿಂತಿತ್ತು. ಎಲ್ಲರೂ ಕೈಯಲ್ಲಿದ್ದ ಫೋನನ್ನು ತಲೆಯ ಮೇಲೆತ್ತಿ ಅದನ್ನು ಸೆರೆಹಿಡಿಯುತ್ತಿದ್ದರು. ಅಷ್ಟು ಕೈಗಳ ನಡುವೆ ಹೂವಿಗಿಂತ ಹೂವಿನ ಚಿತ್ರಗಳೇ ಹೆಚ್ಚು ಕಂಡವು. ಹೊರಗೆ ಬಂದ ಮೇಲೆ ಒಬ್ಬ ವಿದ್ಯಾರ್ಥಿನಿ ಮೆಲ್ಲನೆ ಕೇಳಿದಳು:

'ಸರ್, ಇಷ್ಟು ಲಕ್ಷ ಹೂವಿದೆ ಅಂತಾರೆ. ಒಂದಕ್ಕಾದರೂ ಪರಿಮಳ ಬೇಡವೆ?'

ಆಕೆಯ ಮನೆ ಕಡಲ ದಂಡೆಯಲ್ಲಿದೆ. ತಾಯಿ ಒಣಮೀನು ಮಾಡಿ ಮಾರುವಾಕೆ. ಮೂಗು ಏನೆಂಬುದನ್ನು ನನಗಿಂತ ಚೆನ್ನಾಗಿ ಬಲ್ಲ ಮಗು. 'ಗದ್ದಲದಲ್ಲಿ ತಿಳಿಯಲಿಲ್ಲವೇನೋ ಅಮ್ಮಾ' ಎಂದು ನಾನು ಜಾರಿಕೊಂಡೆ. ಊಟದ ಹೊತ್ತಾಗಿತ್ತು, ಬಸ್ಸು ಕಾಯುತ್ತಿತ್ತು. ಆದರೆ ಪ್ರಶ್ನೆ ನನ್ನೊಡನೆಯೇ ಕಾಸರಕೋಡಿಗೆ ಬಂತು.

ತೋಟದ ಚರಿತ್ರೆಯನ್ನು ತೆಗೆದು ನೋಡಿದರೆ ಆ ಪ್ರಶ್ನೆಗೆ ಬಲ ಬರುತ್ತದೆ. 1760ರಲ್ಲಿ ಹೈದರಾಲಿ ಇದನ್ನು ಆರಂಭಿಸಿದ. ಶಿರಾದ ಮೊಗಲ್ ಮಾದರಿಯ ತೋಟ ಅವನ ಮನಸ್ಸಿನಲ್ಲಿತ್ತೆಂದು ಹೇಳುತ್ತಾರೆ. ಟಿಪ್ಪು ಅದನ್ನು ಬೆಳೆಸಿದ, ದೂರದೇಶಗಳಿಂದ ಗಿಡ ಬೀಜಗಳನ್ನು ತರಿಸಿದ. ಟಿಪ್ಪು ಮಡಿದ ಮರುವರುಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಬೆಂಗಳೂರಿಗೆ ಬಂದು ಸುಲ್ತಾನನ ತೋಟಗಳನ್ನು ಕಂಡು ಬರೆದಿದ್ದಾನೆ. ಚೌಕ ಚೌಕವಾಗಿ ಮಡಿಗಳು, ಮಡಿಗಳ ನಡುವೆ ಕಾಲುದಾರಿಗಳು, ದಾರಿಗಳ ಅಂಚಿಗೆ ಸೈಪ್ರೆಸ್ ಮರಗಳು. ಒಂದೊಂದು ಮಡಿಯಲ್ಲಿ ಒಂದೊಂದೇ ಬಗೆಯ ಗಿಡ: ಒಂದರ ತುಂಬ ಗುಲಾಬಿ, ಮತ್ತೊಂದರ ತುಂಬ ದಾಳಿಂಬೆ. ಬುಕಾನನ್ ಅದನ್ನು ಮುಸಲ್ಮಾನರ ಪದ್ಧತಿಯೆಂದು ಗುರುತಿಸಿ ಮುಂದಕ್ಕೆ ಹೋಗುತ್ತಾನೆ. ನನಗೆ ಮಾತ್ರ ಅಲ್ಲಿಯೇ ನಿಲ್ಲಬೇಕೆನಿಸುತ್ತದೆ. ಕಣ್ಣಿನ ಸೊಗಸಿಗೆ ತೋಟ ಮಾಡುವವನು ಬಣ್ಣ ಬಣ್ಣಗಳನ್ನು ಒಂದರ ಪಕ್ಕ ಒಂದು ಬೆರಸುತ್ತಾನೆ. ಒಂದು ಮಡಿಯ ತುಂಬ ಗುಲಾಬಿಯೊಂದನ್ನೇ ಬೆಳೆಸುವವನಿಗೆ ಬೇರೊಂದು ಲೆಕ್ಕವೂ ಇದ್ದಿರಬೇಕಲ್ಲವೆ? ಮಡಿಯಿಂದ ಮಡಿಗೆ ನಡೆದು ಹೋದಂತೆ ಗಾಳಿಯ ವಾಸನೆ ಬದಲಾಗುತ್ತದೆ. ಕಣ್ಣು ಮುಚ್ಚಿಕೊಂಡರೂ ಎಲ್ಲಿದ್ದೇವೆಂದು ತಿಳಿಯುತ್ತದೆ. ಇದು ನನ್ನ ಊಹೆ, ಬುಕಾನನ್ನನ ಮಾತಲ್ಲ. ಅವನು ಮರುವರುಷ, 1801ರಲ್ಲಿ, ಘಟ್ಟದ ಕೆಳಗಿಳಿದು ನಮ್ಮ ಹೊನ್ನಾವರಕ್ಕೂ ಬಂದಿದ್ದ. ಮೆಣಸು, ಅಡಕೆ, ಗದ್ದೆಗಳ ಲೆಕ್ಕ ಬರೆದುಕೊಂಡು ಹೋದ. ಕಂಪನಿಯವರಿಗೆ ಬೇಕಾದ್ದೂ ಅದೇ.

ಮುಂದೆ ಅರಸನ ತೋಟ ಕಂಪನಿಯ ಕೈಯಲ್ಲಿ ಹಲವು ಕಾಲ ಅಲೆದಾಡಿ 1856ರಲ್ಲಿ ಸರಕಾರಿ ಸಸ್ಯೋದ್ಯಾನವಾಯಿತು. ಲಂಡನ್ನಿನ ಕ್ಯೂ ತೋಟದಲ್ಲಿ ಪಳಗಿದ ವಿಲಿಯಂ ನ್ಯೂ ಬಂದ. ಅವನ ತರುವಾಯ 1874ರಲ್ಲಿ ಜಾನ್ ಕ್ಯಾಮರಾನ್. 1908ರಲ್ಲಿ ಜರ್ಮನಿಯ ಕೃಂಬಿಗಲ್. ಕ್ಯಾಮರಾನನ ಕಾಲದಲ್ಲಿ, 1889ರಲ್ಲಿ, ಗಾಜಿನ ಮನೆಗೆ ಬ್ರಿಟನ್ನಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲಿಟ್ಟ. ಬೆಂಗಳೂರಿನ ಬೀದಿಗಳಲ್ಲಿ ಒಂದು ಜಾತಿಯ ಮರದ ಹೂವು ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವಂತೆ ಮರಗಳನ್ನು ಆರಿಸಿ ನೆಡಿಸಿದ ಕೀರ್ತಿ ಕೃಂಬಿಗಲ್‌ನದು. ಇಂದಿಗೂ ಆ ನಗರದ ವಸಂತ ಅವನ ಪಂಚಾಂಗದಂತೆ ನಡೆಯುತ್ತದೆ. ಇವರು ಯಾರನ್ನೂ ನಾನು ಲಘುವಾಗಿ ಕಾಣಲಾರೆ. ಅರಸನ ಕೈದೋಟವನ್ನು ಹಾದಿಹೋಕನಿಗೆ ತೆರೆದುಕೊಟ್ಟದ್ದು ಸಣ್ಣ ಮಾತಲ್ಲ. ಈಗಲೂ ಬೆಳಗಿನ ನಡಿಗೆಯ ಹೊತ್ತಿನಲ್ಲಿ ಅಲ್ಲಿಗೆ ಶುಲ್ಕವಿಲ್ಲದೆ ಯಾರು ಬೇಕಾದರೂ ಹೋಗಬಹುದು. ಆದರೆ ಬಾಗಿಲು ತೆರೆದಾಗ ತೋಟದ ಸ್ವಭಾವವೂ ಬದಲಾಯಿತು. ಅರಸನಿಗೆ ಅದು ಕುಳಿತು ಸುಖಿಸುವ ಸ್ಥಳವಾಗಿತ್ತು. ನಮಗೆ ಸುತ್ತಿ ನೋಡುವ ಸ್ಥಳವಾಯಿತು. ಅವನ ಪಾಲಿನ ಭೂಮಿ ನಮಗೆ ಬಂತು. ಅವನ ಪಾಲಿನ ಪರಿಮಳ ಬರಲಿಲ್ಲ.

ಮೂರು ತಿಂಗಳ ಬಳಿಕ, ಏಪ್ರಿಲ್ ಮೊದಲ ವಾರದಲ್ಲಿ, ಗೋಷ್ಠಿಯೊಂದಕ್ಕೆ ಬೆಂಗಳೂರಿಗೆ ಹೋಗಬೇಕಾಗಿ ಬಂತು. ಗೋಷ್ಠಿಯ ವಿಚಾರ ಹೇಳದಿರುವುದೇ ಲೇಸು. ಬೆಳಿಗ್ಗೆ ಆರು ಗಂಟೆಗೆ ನಾನೊಬ್ಬನೇ ಲಾಲ್‌ಬಾಗಿನ ಬಾಗಿಲಲ್ಲಿದ್ದೆ. ಪಟ್ಟಿಯಿಲ್ಲ, ಗಡಿಯಾರ ಕಿಸೆಯಲ್ಲಿ. ಹಿಂದಿನ ಸಂಜೆ ಒಂದು ಮಳೆ ಬಿದ್ದಿತ್ತು.

ಒಳಗೆ ಕಾಲಿಟ್ಟೊಡನೆ ತಿಳಿಯಿತು, ಇದು ಜನವರಿಯಲ್ಲಿ ನಾನು ಕಂಡ ತೋಟವಲ್ಲ. ಮೊದಲು ಬಂದದ್ದು ನೆನೆದ ಮಣ್ಣಿನ ವಾಸನೆ. ಅದರ ಅಡಿಯಲ್ಲಿ ಕೊಳೆಯುತ್ತಿರುವ ಎಲೆಗಳ ಒಗರು. ನಮ್ಮ ಕಡೆಯ ಬೆಟ್ಟದ ಕಾನಿನಲ್ಲಿ ಇರುವಂಥ ವಾಸನೆಯೇ, ಆದರೆ ಉಪ್ಪಿಲ್ಲದ್ದು. ಕಡಲ ಬದಿಯವನಿಗೆ ಉಪ್ಪಿಲ್ಲದ ಗಾಳಿ ಮೊದಲು ಸಪ್ಪೆಯೆನಿಸುತ್ತದೆ. ತುಸು ಹೊತ್ತು ಉಸಿರಾಡಿದ ಮೇಲೆ ಅದರ ಒಳಗಿನ ರುಚಿಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ಹೊಂಗೆಯ ಹೂವು ನೆಲದ ಮೇಲೆ ಚಾಪೆಯಂತೆ ಬಿದ್ದಿತ್ತು. ಹೊಂಗೆಯ ಕಂಪನ್ನು ಯಾವ ಕವಿಯೂ ಸಾಕಷ್ಟು ಹೊಗಳಿದಂತಿಲ್ಲ, ಜೇನುಹುಳಗಳು ಹೊಗಳುತ್ತವೆ. ಮರದ ಕೆಳಗೆ ನಿಂತರೆ ತಲೆಯ ಮೇಲೆ ತಂಬೂರಿಯ ಶ್ರುತಿಯಂತೆ ಒಂದೇ ಸಮನೆಯ ಝೇಂಕಾರ.

ಇನ್ನಷ್ಟು ಮುಂದೆ ನಾಗಲಿಂಗದ ಮರ. ಕಾಂಡಕ್ಕೇ ಅಂಟಿಕೊಂಡಂತೆ ಹೂವಿನ ಗೊಂಚಲುಗಳು. ಕೆಳಗೆ ಬಿದ್ದ ಒಂದನ್ನು ಎತ್ತಿಕೊಂಡೆ. ಹೂವೆಂದರೆ ನವಿರಾಗಿರಬೇಕೆಂಬ ನಮ್ಮ ನಂಬಿಕೆಯನ್ನು ಇದು ಮುರಿಯುತ್ತದೆ. ಎಸಳು ದಪ್ಪ, ತಣ್ಣಗೆ, ಹಣ್ಣಿನ ತಿರುಳಿನಂತೆ ಬೆರಳಿಗೆ ತುಂಬುತ್ತದೆ. ಪರಿಮಳ ಎಷ್ಟು ಗಾಢವೆಂದರೆ ಎರಡನೆಯ ಸಲ ಮೂಸಲು ತುಸು ಧೈರ್ಯ ಬೇಕು. ಈ ಮರ ನಮ್ಮದಲ್ಲ, ದಕ್ಷಿಣ ಅಮೆರಿಕದ್ದು. ಹೂವಿನೊಳಗೆ ಲಿಂಗವನ್ನೂ ಅದರ ಮೇಲೆ ಎತ್ತಿದ ಹೆಡೆಯನ್ನೂ ಕಂಡ ನಮ್ಮ ಜನ ಅದಕ್ಕೊಂದು ಹೆಸರಿಟ್ಟು ದೇವಸ್ಥಾನದ ಅಂಗಳಕ್ಕೆ ಬರಮಾಡಿಕೊಂಡರು. ಹತ್ತಿರ ಹೋಗಿ, ಕೈಯಲ್ಲಿ ಹಿಡಿದು ನೋಡಿದವರು ಇಟ್ಟ ಹೆಸರು ಅದು. ಬೇಲಿಯಾಚೆ ನಿಂತು ನೋಡಿದವನಿಗೆ ಹೂವಿನ ಒಳಗಿನ ಲಿಂಗ ಕಾಣುವುದಿಲ್ಲ.

ಹೆಸರಿನ ಮಾತು ಬಂದದ್ದರಿಂದ ನನ್ನೂರಿನ ಒಂದು ಉದಾಹರಣೆ ಹೇಳಿಬಿಡುತ್ತೇನೆ. ಕಾಸರಕೋಡಿನ ಕಡಲ ದಂಡೆಯುದ್ದಕ್ಕೂ ಗಾಳಿಮರಗಳ ತೋಪಿದೆ. ಇದೂ ಹೊರಗಿನಿಂದ ಬಂದ ಮರವೇ; ಭಾರತದಲ್ಲಿ ಇದನ್ನು ಮೊದಲು ನೆಟ್ಟು ಬೆಳೆಸಿದ್ದು 1868ರಲ್ಲಿ, ನಮ್ಮ ಜಿಲ್ಲೆಯ ಕಾರವಾರದ ಬದಿಯಲ್ಲಿ ಎಂದು ಅರಣ್ಯದ ಗ್ರಂಥಗಳು ಹೇಳುತ್ತವೆ. ಬೆಂಗಳೂರಿನವರು ಇದನ್ನು ಸರ್ವೆ ಎನ್ನುತ್ತಾರೆ. ನಮ್ಮವರಿಗೆ ಇದು ಗಾಳಿಮರ. ಎಲೆಯ ಆಕಾರ, ಹೂವಿನ ಬಣ್ಣ, ತೊಗಟೆ ಯಾವುದೂ ಆ ಹೆಸರಿನಲ್ಲಿಲ್ಲ. ಕಿವಿ ಇಟ್ಟ ಹೆಸರು ಅದು. ಅಮಾವಾಸ್ಯೆಯ ರಾತ್ರಿ ದೋಣಿ ದಡಕ್ಕೆ ತರುವವನಿಗೆ ಮರ ಕಾಣುವುದಿಲ್ಲ. ಅದರ ಸುಯ್ಲು ಕೇಳುತ್ತದೆ. ನಾನು ಚಿಕ್ಕವನಿದ್ದಾಗ ಆ ಸದ್ದು ಕಡಲಿನದೋ ಮರದ್ದೋ ಎಂದು ಹಾಸಿಗೆಯಲ್ಲಿ ಮಲಗಿ ಬೇರ್ಪಡಿಸಲು ಯತ್ನಿಸುತ್ತಿದ್ದೆ. ಈಗ ಅದೇ ದಂಡೆಯ ಒಂದು ಭಾಗಕ್ಕೆ 2020ರಲ್ಲಿ ನೀಲಿ ಬಾವುಟದ ಅಂತರರಾಷ್ಟ್ರೀಯ ಮನ್ನಣೆ ಬಂದಿದೆ. ದೂರದೂರಿನವರು ಬಂದು ನೋಡುತ್ತಾರೆ. ಸಂತೋಷವೇ. ಆದರೆ ಅವರಲ್ಲಿ ಎಷ್ಟು ಮಂದಿ ಎರಡು ನಿಮಿಷ ಸುಮ್ಮನಿದ್ದು ಆ ಮರಗಳನ್ನು ಕೇಳಿಸಿಕೊಂಡು ಹೋಗುತ್ತಾರೆಂದು ನಾನು ಆಗಾಗ ಎಣಿಸುವುದುಂಟು. ಎಣಿಕೆಗೆ ಒಂದು ಕೈ ಬೆರಳು ಸಾಕಾಗುತ್ತದೆ.

ಲಾಲ್‌ಬಾಗಿಗೆ ಮರಳೋಣ. ಕೆಂಪೇಗೌಡರ ಗೋಪುರವಿರುವ ಬಂಡೆಯನ್ನು ಹತ್ತಿದೆ; ಚಪ್ಪಲಿ ಕಳಚಿಟ್ಟೆ. ಸುಮಾರು 300 ಕೋಟಿ ವರುಷಗಳ ಹಳೆಯ ಕಲ್ಲು ಇದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಫಲಕ ಸಾರುತ್ತದೆ. 300 ಕೋಟಿ ಎಂಬ ಅಂಕಿ ನನ್ನ ತಲೆಗೆ ಹತ್ತುವುದಿಲ್ಲ. ಆದರೆ ಮಳೆ ನೀರು ಇನ್ನೂ ಆರದ ಕಲ್ಲಿನ ತಂಪು ಅಂಗಾಲಿನಿಂದ ಮೊಣಕಾಲಿಗೆ ಏರಿದಾಗ, ಪುಸ್ತಕದ ಅಂಕಿ ಹೇಳದ ಏನೋ ಒಂದು ತಿಳಿದಂತಾಯಿತು. ಪಕ್ಕದಲ್ಲಿ ವಯಸ್ಸಾದ ದಂಪತಿಗಳು ಕಲ್ಲಿನ ಮೇಲೆ ಬರಿಗಾಲಿನಲ್ಲಿ ನಡೆಯುತ್ತಿದ್ದರು. ಅವರಿಗೆ ಇದು ನಿತ್ಯದ ರೂಢಿಯಂತೆ. 2025ರಲ್ಲಿ ನಗರದ ಸುರಂಗರಸ್ತೆಯ ಯೋಜನೆಗೆ ಲಾಲ್‌ಬಾಗಿನ ನೆಲದಲ್ಲಿ ಒಂದು ಪಾಲು ಬೇಕಾದೀತೆಂಬ ಸುದ್ದಿ ಹಬ್ಬಿದಾಗ ಮೊದಲು ದನಿಯೆತ್ತಿದವರಲ್ಲಿ ಬೆಳಗಿನ ಹೊತ್ತು ಅಲ್ಲಿ ನಡೆದಾಡುವ ಜನರಿದ್ದರು. ಅದರಲ್ಲಿ ನನಗೆ ಆಶ್ಚರ್ಯವಿಲ್ಲ. ಕಣ್ಣಿನಿಂದ ಮಾತ್ರ ಬಲ್ಲ ವಸ್ತುವಿನ ಬದಲು ಅದರ ಚಿತ್ರ ಸಿಕ್ಕರೂ ನಾವು ಸಮಾಧಾನ ಹೊಂದುತ್ತೇವೆ. ಅಂಗಾಲಿನಿಂದ ಬಲ್ಲದ್ದಕ್ಕೆ ಬದಲಿ ಇಲ್ಲ.

ನಾಲಗೆಯ ಪಾಲೂ ಈ ತೋಟದಲ್ಲಿ ಇಲ್ಲದಿಲ್ಲ. ಸೀಮೆಬದನೆಯನ್ನು ಇಲ್ಲಿಗೆ ತಂದು ಬೆಳೆಸಿದವನು ಕ್ಯಾಮರಾನ್ ಎನ್ನುತ್ತಾರೆ. ಇಂದು ಘಟ್ಟದ ಮೇಲೂ ಕೆಳಗೂ ಅದರ ಹುಳಿ ಮಾಡದ ಮನೆಯಿಲ್ಲ. ನನ್ನ ಆಯಿಗೆ ಲಾಲ್‌ಬಾಗ್ ಎಂಬ ಹೆಸರು ಗೊತ್ತಿತ್ತೋ ಇಲ್ಲವೋ. ಆದರೆ ಅದರ ಒಂದು ಹೋಳು ಪ್ರತಿ ವಾರ ಆಕೆಯ ಒಲೆಯ ಮೇಲೆ ಬೇಯುತ್ತಿತ್ತು. ತೋಟವೊಂದು ಜನರಿಗೆ ಸೇರುವ ಬಗೆಗಳಲ್ಲಿ ಇದೂ ಒಂದು. ಪ್ರವೇಶದ ಚೀಟಿ ಇಲ್ಲ, ನೋಡುವುದು ಇಲ್ಲ, ನೇರವಾಗಿ ಬಟ್ಟಲಿಗೆ.

ಈಗ ನನ್ನ ವೃತ್ತಿಗೆ ಸಂಬಂಧಿಸಿದ ಮಾತು. ನಮ್ಮ ಪ್ರಾಚೀನರ ಉದ್ಯಾನ ಎಂದೂ ಕಣ್ಣಿನ ಉದ್ಯಾನವಾಗಿರಲಿಲ್ಲ. ಕವಿಸಮಯದಲ್ಲಿ ದೋಹದವೆಂಬುದೊಂದು ಉಂಟು. ವಿದ್ಯಾರ್ಥಿಗಳಿಗೆ ನಗು ತರಿಸುವ ಭಾಗ. ಅಶೋಕ ಹೂಬಿಡಬೇಕಾದರೆ ನೂಪುರ ತೊಟ್ಟ ಕಾಲಿನಿಂದ ತರುಣಿ ಅದನ್ನು ಒದೆಯಬೇಕು. ಬಕುಳಕ್ಕೆ ಆಕೆ ಬಾಯೊಳಗಿನ ಮದ್ಯವನ್ನು ಉಗುಳಬೇಕು. ಕುರವಕವನ್ನು ಅಪ್ಪಬೇಕು, ಪ್ರಿಯಂಗುವನ್ನು ಮುಟ್ಟಬೇಕು, ನಮೇರುವಿಗೆ ಹಾಡಬೇಕು, ಮಂದಾರದೊಡನೆ ನಯವಾದ ಮಾತಾಡಬೇಕು. ಕೇವಲ ನೋಟದಿಂದ ಅರಳುವ ಮರ ಆ ಪಟ್ಟಿಯಲ್ಲಿ ಒಂದೇ ಒಂದು, ತಿಲಕ. ವಿಜ್ಞಾನದ ದೃಷ್ಟಿಯಿಂದ ಇದೆಲ್ಲ ಸುಳ್ಳು, ಒಪ್ಪಿದೆ. ಆದರೆ ಈ ಸುಳ್ಳನ್ನು ಕಟ್ಟಿದವರು ಮರಕ್ಕೂ ಮನುಷ್ಯನಿಗೂ ನಡುವೆ ಎಂಥ ನಂಟನ್ನು ಕಲ್ಪಿಸಿದ್ದರೆಂಬುದನ್ನು ನೋಡಿ. ಮರಕ್ಕೂ ಕಿವಿಯುಂಟು, ಚರ್ಮವುಂಟು, ನಾಲಗೆಯುಂಟು. ನಾವು ಅದಕ್ಕೆ ಪೂರ್ತಿಯಾಗಿ ಒದಗಿದರೆ ಮಾತ್ರ ಅದು ನಮಗೆ ಅರಳೀತು. ಇಂದು ನಾವು ಎಲ್ಲ ಮರಗಳಿಗೂ ತಿಲಕದ ಉಪಚಾರವನ್ನೇ ಮಾಡುತ್ತಿದ್ದೇವೆ.

ಪಂಪನನ್ನೇ ನೋಡಿ. ಘಟ್ಟದ ಮೇಲಿನ ಬನವಾಸಿ, ನಮ್ಮ ಜಿಲ್ಲೆಯದೇ. ಅದರ ನೆನಪು ಅವನಿಗೆ ಬರುವುದು ಹೇಗೆ? ದಕ್ಷಿಣದ ಗಾಳಿ ಬಂದು ಮೈಗೆ ತಾಕಿದಾಗ, ಒಳ್ಳೆಯ ನುಡಿ ಕೇಳಿದಾಗ, ಹಾಡೊಂದು ಕಿವಿಯೊಳಗೆ ಇಳಿದಾಗ, ಮಲ್ಲಿಗೆ ಬಿರಿದಾಗ. ಚರ್ಮ ಮೊದಲು, ಆಮೇಲೆ ಕಿವಿ. ಇಷ್ಟು ಪ್ರಸಿದ್ಧವಾದ ಪದ್ಯವನ್ನು ನಾವು ಸಭೆ ಸಭೆಗಳಲ್ಲಿ ಹಾಡುತ್ತೇವೆ, ದೇಶಾಭಿಮಾನದ ಪದ್ಯವೆಂದು ಭಾವಿಸುತ್ತೇವೆ. ಒಬ್ಬ ಮನುಷ್ಯನ ಮೈ ತನ್ನೂರನ್ನು ನೆನೆಯುವ ಪದ್ಯ ಅದೆಂದು ಮರೆಯುತ್ತೇವೆ. ಹರಿಹರನ ಪುಷ್ಪರಗಳೆಯಲ್ಲಿ ಹೂ ಕೊಯ್ಯುವುದೇ ಕಾವ್ಯವಸ್ತು. ವಿರೂಪಾಕ್ಷನಿಗಾಗಿ ಒಂದೊಂದು ಹೂವಿನ ಬಳಿ ಹೋಗಿ, ಮಾತಾಡಿಸಿ ಕೊಯ್ಯುವ ಭಕ್ತನ ಕೈಬೆರಳಿಲ್ಲದೆ ಆ ರಗಳೆಯೇ ಇಲ್ಲ. ನಮ್ಮ ಕಾಲಕ್ಕೆ ಬಂದರೆ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು'. 1978ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಆ ಪುಸ್ತಕ ಒಬ್ಬ ಸಸ್ಯವಿಜ್ಞಾನಿ ಶಿಷ್ಯರೊಡನೆ ಕಾಡು ಸುತ್ತಿದ ಕಥೆ. ಎಲೆಯನ್ನು ಹೊಸೆದು ಮೂಸುವುದು ಸಸ್ಯಶಾಸ್ತ್ರದ ಹಳೆಯ ಪಾಠ. ಸಾಹಿತ್ಯದ ಮೇಷ್ಟರಾದ ನಮಗೆ ಮಾತ್ರ ಎಲೆಯೆಂದರೆ ಪುಸ್ತಕದ ಎಲೆ, ಹಾಳೆ.

ಇಷ್ಟು ಹೇಳಿದಾಗ ತೋಟ ಕಾಯುವವರು ಕೇಳುವ ಪ್ರಶ್ನೆ ನನಗೆ ಗೊತ್ತಿದೆ. ಜನರನ್ನು ಮುಟ್ಟಗೊಟ್ಟರೆ ತೋಟ ಉಳಿದೀತೆ? ಪ್ರಶ್ನೆ ನ್ಯಾಯವಾದದ್ದು. ಮರದ ತೊಗಟೆಯ ಮೇಲೆ ತಮ್ಮ ಹೆಸರನ್ನೂ ಪ್ರೇಯಸಿಯ ಹೆಸರನ್ನೂ ಕೊರೆದು ಹೋಗುವ ಮಹಾಶಯರು ಎಲ್ಲ ಊರಿನಲ್ಲಿಯೂ ಇದ್ದಾರೆ. ಲಕ್ಷಾಂತರ ಮಂದಿ ಬರುವ ಕಡೆ ತಲೆಗೊಂದು ಎಲೆಯಂತೆ ಕಿತ್ತರೂ ಮರ ಬೋಳಾದೀತು. ಫಲಪುಷ್ಪ ಪ್ರದರ್ಶನವನ್ನು ನಿಲ್ಲಿಸಬೇಕೆಂದೂ ನನ್ನ ವಾದವಲ್ಲ. ಅದರಿಂದ ಹೂ ಬೆಳೆಯುವವರಿಗೆ ಪ್ರೋತ್ಸಾಹವುಂಟು. ಎಂದೂ ತೋಟ ಕಾಣದ ಸಂಸಾರ ವರುಷಕ್ಕೊಮ್ಮೆಯಾದರೂ ಬರುವುದುಂಟು. ಆದರೂ ಇದಕ್ಕೆ ದಾರಿಗಳಿಲ್ಲದಿಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್ ಸಸ್ಯೋದ್ಯಾನದವರು 1955ರಷ್ಟು ಹಿಂದೆಯೇ ಕಣ್ಣು ಕಾಣದವರನ್ನು ಮನಸ್ಸಿನಲ್ಲಿಟ್ಟು ಒಂದು ಪರಿಮಳದ ತೋಟ ಮಾಡಿದರು. ಮಡಿಗಳನ್ನು ಕೈಗೆಟಕುವಷ್ಟು ಎತ್ತರಿಸಿದ್ದಾರೆ, ಹೆಸರುಗಳನ್ನು ಬ್ರೈಲ್ ಲಿಪಿಯಲ್ಲಿ ಬರೆಸಿದ್ದಾರೆ. ಅಲ್ಲಿ ಎಲೆಯನ್ನು ಮುಟ್ಟುವುದು ಅಪರಾಧವಲ್ಲ, ಅಲ್ಲಿಗೆ ಹೋಗುವುದೇ ಅದಕ್ಕಾಗಿ. ಇನ್ನೂರ ನಲವತ್ತು ಎಕರೆಯಲ್ಲಿ ನಮಗೂ ಅಂಥದೊಂದು ಎಕರೆ ಸಿಕ್ಕದೆ ಹೋದೀತೆ? ತುಳಸಿ, ಮರುಗ, ದವನ, ಲಾವಂಚ, ಪಚ್ಚೆತೆನೆ ಇವಕ್ಕೆ ಗಾಜಿನ ಮನೆ ಬೇಕಿಲ್ಲ, ಹಿತ್ತಲು ಸಾಕು.

ಫಲಕಗಳ ವಿಷಯವೂ ಅಷ್ಟೆ. ಮರದ ಮೇಲಿನ ಫಲಕ ಲ್ಯಾಟಿನ್ ಹೆಸರನ್ನೂ ಅದರ ಕುಲವನ್ನೂ ತಿಳಿಸುತ್ತದೆ, ಅದು ಬೇಕು. ಅದರ ಕೆಳಗೆ ಇನ್ನೊಂದು ಸಾಲು ಬರೆಯುವುದಕ್ಕೆ ಎಷ್ಟು ಬಣ್ಣ ಖರ್ಚಾದೀತು? ಈ ಮರ ಯಾವ ತಿಂಗಳಲ್ಲಿ ಹೂಬಿಡುತ್ತದೆ, ಕಂಪು ಮುಂಜಾನೆಯದೋ ಸಂಜೆಯದೋ, ನಮ್ಮ ಕವಿಗಳು ಇದನ್ನು ಏನೆಂದು ಕರೆದರು. ಇಷ್ಟಿದ್ದರೆ ಸಾಕು, ಜನ ತಾವಾಗಿಯೇ ಆ ಹೊತ್ತಿಗೆ ಬಂದು ನಿಲ್ಲುತ್ತಾರೆ. ಅಶೋಕದ ಬಳಿಯಂತೂ ಈ ಸಾಲು ಅಗತ್ಯವಾಗಿ ಬೇಕು. ರಸ್ತೆಯ ಬದಿಯಲ್ಲಿ ಕಂಬದಂತೆ ನೆಟ್ಟಗೆ ಬೆಳೆಯುವ ಇನ್ನೊಂದು ಮರವನ್ನೇ ಅಶೋಕವೆಂದು ತಿಳಿದ ವಿದ್ಯಾರ್ಥಿಗೆ, ಸೀತೆ ಅದರ ನೆರಳಿನಲ್ಲಿ ಹೇಗೆ ಕುಳಿತಳೆಂಬುದು ಎಂದಿಗೂ ಬಗೆಹರಿಯದ ಸಮಸ್ಯೆ. ನಮ್ಮ ಕಡೆಯ ಆಟಗಳಲ್ಲಿ ಹನುಮಂತ ಅಶೋಕವನವನ್ನು ಮುರಿಯುವ ಸನ್ನಿವೇಶ ನೋಡುವಾಗಲೂ ನನಗೆ ಇದೇ ಯೋಚನೆ.

ಆ ಏಪ್ರಿಲಿನಲ್ಲಿ ಊರಿಗೆ ಮರಳಿದಾಗ ನನ್ನ ಸಂಚಿಯಲ್ಲಿ ಒಂದು ಬಾಡಿದ ನಾಗಲಿಂಗವಿತ್ತು. ಗೋಷ್ಠಿಯ ಪ್ರಬಂಧಗಳಿಗೆಲ್ಲ ಅದರ ವಾಸನೆ ಹತ್ತಿತ್ತು. ಪ್ರಶ್ನೆ ಕೇಳಿದ್ದ ವಿದ್ಯಾರ್ಥಿನಿಯನ್ನು ಕರೆದು ಅವಳ ಮಾತೇ ಸರಿಯೆಂದು ಒಪ್ಪಿಕೊಂಡೆ. ಅವಳು ಅದನ್ನು ಮರೆತೇ ಬಿಟ್ಟಿದ್ದಳು. 'ನಮ್ಮನೆ ಹಿಂದೆ ಸುರಗಿ ಉಂಟು ಸರ್, ನೀವು ಹೇಳಿದ್ದರೆ ತಂದುಕೊಡುತ್ತಿದ್ದೆ' ಎಂದಳು. ಸುರಗಿಯ ಮೊಗ್ಗನ್ನು ಪೋಣಿಸಿ ಒಣಗಿಸಿಟ್ಟರೆ ತಿಂಗಳುಗಟ್ಟಲೆ ಕಂಪು ಉಳಿಯುತ್ತದೆ. ಕರಾವಳಿಯ ಹೆಂಗಸರು ಸೀರೆಯ ಮಡಿಕೆಯಲ್ಲಿ ಅದನ್ನು ಇಡುವುದುಂಟು. ಕವಿಗಳ ಸುರಗಿಯನ್ನು ಹದಿನೈದು ವರುಷ 'ಒಂದು ಬಗೆಯ ಹೂವು' ಎಂದು ಪಾಠ ಹೇಳಿದ್ದೆ. ಅದು ಕಾಲೇಜಿನಿಂದ ಒಂದು ಮೈಲಿಯೊಳಗೆ ಯಾರದೋ ಟ್ರಂಕಿನಲ್ಲಿತ್ತು.

ಈಚೆಗೆ ಉದ್ಯಾನವಿಹಾರದ ಭಾಗ ಬಂದಾಗ ತರಗತಿಯನ್ನು ಬೆಳಗಿನ ಮೊದಲ ಗಂಟೆಗೆ ಇಟ್ಟುಕೊಳ್ಳುತ್ತೇನೆ. ಕಾಲೇಜಿನ ಹಿಂದಿನ ಗೋಡೆಯ ಬದಿಗೆ ಒಂದು ರಂಜಲ ಮರವಿದೆ. ಅದೇ ಬಕುಳ. ಸೈಕಲ್ಲುಗಳನ್ನು ಅದಕ್ಕೆ ಒರಗಿಸುತ್ತಿದ್ದರು, ನಾನೂ ಒರಗಿಸಿದ್ದೇನೆ. ಹೂವಿನ ಕಾಲದಲ್ಲಿ ಬೆಳಗಾಗುವ ಹೊತ್ತಿಗೆ ಸಣ್ಣ ಚಕ್ರಗಳಂಥ ಹೂಗಳು ನೆಲಕ್ಕೆ ಉದುರಿರುತ್ತವೆ. ಈ ವರುಷ ಮಕ್ಕಳನ್ನು ಅಲ್ಲಿ ನೆಲದ ಮೇಲೆ ಕೂರಿಸಿದೆ. ತಲೆಗೆ ಒಂದೊಂದು ಹೂವು ಆರಿಸಿಕೊಳ್ಳಿರೆಂದೆ. ಎರಡನೆಯ ಪದ್ಯಕ್ಕೆ ಬರುವಷ್ಟರಲ್ಲಿ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ.

'ಸರ್, ಇದು ಪರೀಕ್ಷೆಗೆ ಬರುತ್ತದೆಯೆ?'

'ಇಲ್ಲಪ್ಪಾ, ಬರುವುದಿಲ್ಲ' ಎಂದೆ.

ಅವನು ಕುಳಿತುಕೊಂಡ. ಹೂವನ್ನು ಮಾತ್ರ ಎಸೆಯಲಿಲ್ಲ. ಅಂಗಿಯ ಕಿಸೆಗೆ ಹಾಕಿಕೊಂಡ.